ದೀಪ ಹಚ್ಚೂತನಕ

ಆಯ್ತವಾರ ದವಾಖಾನೆ ಮುಚ್ಚಿತ್ತು. ಶೇಖವ್ವ ಒಬ್ಬಳೇ ಒಳಗೆ ನಿಂತು ಕಪಾಟಿನ ಗೊಂಬೆಗಳನ್ನು ಒರೆಸುತ್ತಿದ್ದಳು. ತಾಯಿಯ ಹೊಟ್ಟೆಯೊಳಗೆ ಕೂಸು ತಿಂಗಳಿಂದ ತಿಂಗಳಿಗೆ ಹೇಗೆ ಬೆಳೆಯುತ್ತದೆಂದು ಬಸುರಿಯರಿಗೆ ತೋರಿಸಲು ಡಾಕ್ಟರ್ ಬಾಯಾರು ತರಿಸಿಟ್ಟ ಸುಣ್ಣದ ಗೊಂಬೆಗಳು ಅವು. ಎರಡನೇ ತಿಂಗಳಿನದು ಶೇಂಗಾ ಕಾಳಿನಷ್ಟು. ಕಸಬರಿಗೆ ಕಡ್ಡಿಗೆ ಅರಳೆ ಸುತ್ತಿ ಅವಳು ಅದರ ಕೈಯ ಸಂದಿಯನ್ನು ಮೆಲ್ಲಗೆ ತಿಕ್ಕಿದಳು. ಧೂಳೇನೂ ಇರಲಿಲ್ಲ. ನಿನ್ನೆಯೇ ತೆಗೆದಿದ್ದಳು. ನಿನ್ನೆ ಆ ಧೂಳು ತೆಗೆಯುವಾಗಲೇ ಅದು ಕಂಡದ್ದು. ಇಷ್ಟು ಸಣ್ಣದಕ್ಕೆ ಆಗಲೇ ಬೆರಳಿದ್ದವು.

ಗದಗಿನ ಆ ದವಾಖಾನೆಗೆ ಕೆಲಸಕ್ಕೆ ಸೇರಿದ ಮೇಲೆ ಅವಳು ಬಾಯಿಬಿಟ್ಟು ಬಾಯಾರನ್ನು ಏನನ್ನೂ ಕೇಳಿದವಳಲ್ಲ. ನಿನ್ನೆ ಕೇಳಿದಳು. ಬಾಯಾರು ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲ ಹೇಳಿದರು, ಅವಳ ಅಕ್ಕನ ಸಂಗತಿಯನ್ನೂ ಕೇಳಿ ತಿಳಿದರು, ಮುಂಡರಗಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿಕೊಟ್ಟು ಇವತ್ತು ಬೆಳಗಿನ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋದರು.

ಫೋನ್ ಗಂಟೆ ಬಾರಿಸಿತು. ದಿನಾ ಒರೆಸುವ ಫೋನ್. ಎತ್ತಿದ್ದು ಇದೇ ಮೊದಲು.

"ಹಲೋ... ಹಲೋ, ಯಾರ್ರಿ ಮಾತಾಡೋರು?"

...

"ಹಾಂ, ಎಕ್ಸ್‌ಚೇಂಜ್ ಅಣ್ಣಾರೇನ್ರಿ? ಬುಕ್ ಮಾಡಿದ್ದು ಬಾಯಾರು... ಮುಂಡರಗಿ, ಹೌದ್ರಿ. ಕೊಡ್ರಿ ಅಣ್ಣಾರ."

...

"ಹಲೋ? ದೇವೇಂದ್ರಪ್ಪ ಸಾವಕಾರ್ರ ಹತ್ತಿ ಅಂಗಡಿ ಏನ್ರಿ?... ನಾನ್ರಿ, ಶೇಖವ್ವ... ಶೇ-ಖ-ವ್ವ. ನಿಮ್ಮ ಹಿತ್ತಲ ಮನಿ ಅಮೃತವ್ವನ ತಂಗಿ. ಬೆಟಗೇರಿ ಮಗ್ಗದ ಮನಿಯಾಕಿ."

...

"ಜೋರ ಮಾತಾಡ್ಲೇನ್ರಿ?... ಇಷ್ಟ ಐತ್ರಿ ನನ್ನ ದನಿ... ಇಲ್ರಿ ಸಾವಕಾರ್ರ, ಫೋನಿನ್ಯಾಗ ಇಲಿ ಹೊಕ್ಕಿಲ್ಲ, ನಾನ ಮಾತಾಡಾಕತ್ತೀನಿ."

...

"ಅಕ್ಕನ್ನ ಒಂದೀಟು ಕರೀರಿ. ಜಲ್ದಿ ಕರೀರಿ... ಅಯ್ಯ, ಯಾರೂ ಸತ್ತಿಲ್ರಿ. ಯಾರೂ ಸತ್ತಿಲ್ಲ."

ಆ ಕಡೆ ಯಾರೋ ಹತ್ತಿ ಅಂಡಿಗೆ ಎತ್ತಿ ಹಾಕಿದ ಸದ್ದು ಬಂತು. ಸಾವಕಾರರು ಹಿತ್ತಲಿಗೆ ಮುಖ ಮಾಡಿ ಕೂಗಿದರು. ಆಮೇಲೆ ಚಪ್ಪಲಿ ಸಪ್ಪಳ, ಬಳೆ ಸಪ್ಪಳ.

"ಅಕ್ಕಾ?... ಓ, ಅತ್ತೀ. ನೀವ್ ಬಂದ್ರೇನ್ರಿ? ನಮಸ್ಕಾರ್ರಿ. ಅಕ್ಕ ಎಲ್ಲಿ?"

ಅಕ್ಕನ ಅತ್ತೆ ಸಿದ್ದಲಿಂಗವ್ವ. ಎದುರಿಗಿದ್ದರೆ ಶೇಖವ್ವ ಅವಳ ಕಾಲುಂಗುರ ನೋಡಿಯೇ ಮಾತಾಡುತ್ತಿದ್ದಳು.

"ನಿಮ್ಮ ಬಾಜೂಕ ನಿಂತಾಳೇನ್ರಿ? ಮತ್ತ ಆಕಿ ಕೈಯಾಗ ಕೊಡ್ರಿ... ನಾಚತಾಳ? ಸಾವಕಾರ್ರ ಮುಂದ?... ಅಕ್ಕ ನಾಚೋದು ಯಾವಾಗ ಕಲತಳ್ರಿ? ನಮ್ಮಿಬ್ಬರ ಪಾಲಿನ ಮಾತೂ ಆಕೀನ ಆಡಾಕಿ."

...

"ಆತು, ನಿಮಗ ಹೇಳ್ತೀನಿ. ಅತ್ತೀ, ಖರೆ ಹೇಳ್ರಿ. ಇವತ್ತ ಅಕ್ಕಗ ಔಷಧ ಕುಡಿಸೋರಿದ್ದೀರಂತಲ್ಲ... ಸಂತಿಗೆ ಬಂದ ನಿಮ್ಮೂರವರು ಹೇಳಿದ್ರು... ಗಂಡು ಆಗೋ ಔಷಧ. ಹೋದ ಸಲ ನಾಟಿ ಔಷಧದ ಹೊಳೆಯಪ್ಪ ತಂದು ಕೊಟ್ಟಿದ್ನಲ್ಲ, ಅದ."

...

"ಇನ್ನೂ ಕುಡಿಸಿಲ್ಲ? ಖರೆ?... ಸಾಕ್ರಿ, ಬದುಕಿದೆ. ಕುಡಿಸಬ್ಯಾಡ್ರಿ ಅತ್ತೀ. ನಿಮ್ಮ ಕಾಲಿಗೆ ಬೀಳ್ತೀನಿ."

...

"ಹೌದ್ರಿ, ಕಸಾ ಹೊಡಿಯಾಕಿನ... ನಾಕನೇತ್ತಾಕ ಶಾಲಿ ಬಿಟ್ಟಾಕಿ, ಅದೂ ಹೌದು. ನಾ ಡಾಕ್ಟರ್ ಅದೀನಿ ಅಂತ ಹೇಳಾಕತ್ತಿಲ್ರಿ. ಬಾಯಾರು ಹೇಳಿದ್ದು ಹೇಳಾಕತ್ತೀನಿ."

...

"ಗೊತ್ತೈತ್ರಿ. ಹೋದ ಸಲ ಕುಡಿದ ದಿನ ನಾ ಅಲ್ಲೇ ಇದ್ನಲ್ಲ. ಬಾಯಿ ಬಿಟ್ಟರ ಔಷಧ ಮುರೀತೈತಿ ಅಂತ ದೀಪ ಹಚ್ಚೂತನಕ ಗ್ವಾಡಿಗೆ ಮಾರಿ ಮಾಡಿ ಕುಂತಿದ್ಲು. ಎಷ್ಟು ಕರದ್ರೂ ಹೊಳ್ಳಿ ನೋಡಲಿಲ್ಲ. ನನ್ನ ಮ್ಯಾಲ ಸಿಟ್ಟಾಗ್ಯಾಳ ಅಂತ ಅತ್ತಿದ್ದೆ ನಾನು."

...

"ಹುಟ್ಟಿತ್ರಿ, ಗಂಡು ಹುಟ್ಟಿತು, ಯಾರು ಇಲ್ಲ ಅಂತಾರ... ಹಾಂ, ಔಷಧದಿಂದ ಗಂಡಾತು, ಗ್ರಹಣದಿಂದ ಬೆರಳು ಹೋದವು. ಓಣಿಯೆಲ್ಲಾ ಅದನ್ನ ಹೇಳ್ತೈತಿ. ಅಮೃತವ್ವ ಗ್ರಹಣದಾಗ ಈಳಿಗಿ ಮುಟ್ಟಿದ್ಲು, ಅದಕ್ಕ ಕೂಸು ಬೆರಳಿಲ್ಲದ ಹುಟ್ಟಿ ತೊಟ್ಟಿಲಕ್ಕ ಹಾಕೋದರೊಳಗ ಹೋತು ಅಂತ. ಈಗ ಅಕ್ಕನೂ ಹಂಗ ಅಂತಾಳ. ಕನಸಿನ್ಯಾಗ ಈಳಿಗಿ ಬರ್ತೈತಂತ ಆಕಿಗೆ."

ಕೈಯಲ್ಲಿದ್ದ ಗೊಂಬೆಯನ್ನು ಶೇಖವ್ವ ಮೇಜಿನ ಮೇಲಿಟ್ಟಳು. ಉರುಳೀತೆಂದು ಅಂಗೈ ಅಡ್ಡ ಹಿಡಿದಳು.

"ಅತ್ತೀ, ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೋದ ವರ್ಷ ಹಾಡಹಗಲಿ ಕತ್ತಲಾತಲ್ಲ, ಆ ಗ್ರಹಣ. ಆವತ್ತು ಅಕ್ಕಗ ಎಷ್ಟು ತಿಂಗಳಾಗಿತ್ರಿ?... ನೆನಪ ಮಾಡ್ಕೊಳ್ರಿ. ಕುಬಸ ಆಗಿತ್ತಲ್ಲ?... ಹಾಂ. ಹಸರ ಬಳಿ ಹಾಕ್ಕೊಂಡು ಕತ್ತಲಿ ಖೋಲ್ಯಾಗ ಕುಂತಿದ್ಲು. ಏಳರಾಗಿತ್ತು."

...

"ಏಳರಾಗ ಕೂಸಿನ ಬೆರಳು ಆಗಿ ಎಂದೋ ಮುಗದಿರ್ತಾವ್ರಿ. ಈಳಿಗಿ ಮುಟ್ಟಲಿ, ಬಿಡಲಿ, ಆದ ಬೆರಳು ಎಲ್ಲಿಗೆ ಹೋಗ್ತಾವು? ಆ ಕೂಸಿಗೆ ಬೆರಳು ಮದ್ಲಿಂದನ ಆಗಿದ್ದಿಲ್ಲ."

...

"ಎರಡರಾಗ್ರಿ. ಬೆರಳು ಮೂಡೋದು ಎರಡನೇ ತಿಂಗಳಾಗ... ಮಾಂಸದ ಮುದ್ದಿ ಅಲ್ರಿ ಅದು, ಯಾರು ಹೇಳಿದ್ರು ನಿಮಗ? ಶೇಂಗಾ ಕಾಳಿನಷ್ಟ ಇರ್ತೈತಿ, ಖರೆ. ಆದರ ಆಗಲೇ ಎದಿ ಬಡಕೋತಿರ್ತೈತಿ. ಕಣ್ಣು, ಕೈ, ಕಾಲು, ಎಲ್ಲಾ ಆವಾಗ ಮೂಡ್ತಾವು. ಆವಾಗ ಹೊಟ್ಯಾಗ ಏನರೆ ಕೆಟ್ಟದ್ದು ಹೋದ್ರ, ಮೂಡೋದು ಅಲ್ಲಿಗೇ ನಿಲ್ತೈತಂತ."

...

"ಹೊಳೆಯಪ್ಪ ಔಷಧ ಕೊಟ್ಟಿದ್ದು ಎಷ್ಟರಾಗ ಅತ್ತೀ?... ಹೇಳ್ರಿ... ಗಣಪತಿ ಕಳಿಸಿದ ಮ್ಯಾಲ, ಮಾನೌಮಿ ಒಳಗ. ಅಂದ್ರ ಎರಡರಾಗ. ಈಗೂ ಅಕ್ಕಗ ಎರಡರಾಗ ಐತಿ."

...

"ಅತ್ತೀ?... ಕೇಳಾಕತ್ತೀರೇನ್ರಿ?"

...

"ಏನ್ರಿ? ಔಷಧದಿಂದ ಅಲ್ಲಂದ್ರ ಗಂಡು ಹೆಂಗಾತು?... ಅದು... ಸಾವಕಾರ್ರು ಅಲ್ಲೇ ಕುಂತಾರೇನ್ರಿ?"

ಶೇಖವ್ವನ ಕಿವಿ ಬಿಸಿಯಾಯಿತು. ಯಾರೂ ಇಲ್ಲದ ಖೋಲಿಯಲ್ಲಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

"ಕುಂತಿರ್ಲಿ ಬಿಡ್ರಿ. ಅತ್ತೀ, ನಮ್ಮ ಮಗ್ಗ ನೀವ್ ನೋಡೀರಿ. ಹಾಸಿನ ನೂಲು ಏರಿಸಿದ ಮ್ಯಾಲ ಸೀರಿ ದಡಿ ಬಣ್ಣಾ ಬದಲ ಮಾಡಾಕ ಬರ್ತೈತೇನ್ರಿ?... ಇಲ್ಲಲ್ಲ. ಇದೂ ಹಂಗ. ಗಂಡಸಿನ ಬೀಜ, ಹೆಂಗಸಿನ ತತ್ತಿ ಕೂಡಿದ ಗಳಿಗ್ಯಾಗ ಗಂಡೋ ಹೆಣ್ಣೋ ಅನ್ನೋದು ಆಗಿ ಹೋಗಿರ್ತೈತಿ. ಆಮ್ಯಾಲ ಏನ ಕುಡದ್ರೂ ತಿರಗೋದಿಲ್ಲ. ಆ ದಡಿ ನೂಲು ಬರೋದು ಗಂಡಸಿನ ಬೀಜದಾಗ."

...

"ಇಲ್ರಿ, ಇಲ್ರಿ! ಮಾಮಾನ ಮ್ಯಾಲ ತಪ್ಪು ಹೊರಸಾಕತ್ತಿಲ್ಲ. ಆಂವ ಬೇಕಂತ ಆರಿಸಿ ಕೊಡ್ತಾನೇನ್ರಿ? ಆಂವನ ಕೈಯಾಗೂ ಇಲ್ಲ, ಅಕ್ಕನ ಕೈಯಾಗೂ ಇಲ್ಲ."

...

"ನಮ್ಮ ಮನಿ ಹೆಣ್ಣಿನ ಹೊಟ್ಟಿನ ಹಂಗ ಅಂತೀರಿ?... ಅನ್ರಿ. ಆದ್ರ ಒಂದು ಕೇಳ್ರಿ. ಗಂಡಸರ ಬೀಜ ದಿನಾ ಹೊಸಾವು ಆಗ್ತಾವಂತ. ನಮ್ಮದು ಹಂಗಲ್ಲ. ಅಕ್ಕ ನಮ್ಮವ್ವನ ಹೊಟ್ಯಾಗ ಇದ್ದಾಗನ ಅಕ್ಕನ ತತ್ತಿ ಎಲ್ಲಾ ಆಗಿ ಮುಗದಿದ್ದುವಂತ. ಹುಟ್ಟೋಕಿಂತ ಮದ್ಲ. ಈಗ ನಿಮ್ಮ ಸೊಸಿ ಹೊಟ್ಯಾಗ ಇರೋದನ್ನ ನಮ್ಮವ್ವ ಒಮ್ಮೆ ಹೊತಗೊಂಡು ತಿರಗ್ಯಾಡ್ಯಾಳ. ಅವ್ವ ಇಲ್ಲ. ಅದಾದ್ರೂ ಉಳೀಲಿ ಅತ್ತೀ."

...

"ಹಲೋ?... ಹಾಂ ಅಣ್ಣಾರ, ಟೈಮ್ ಆತೇನ್ರಿ? ಮುಂದ ನಡಸ್ರಿ. ಬಾಯಾರು ಹೇಳಿ ಹೋಗ್ಯಾರ. ಇನ್ನ ಮೂರ ಮಿನಿಟ ಕೊಡ್ರಿ, ಸಾಕು."

...

"ಅತ್ತೀ, ಇದ್ದೀರೇನ್ರಿ?... ಏನು?... ಆತು ಅಂತೀರಿ? ಔಷಧ ಕುಡಿಸೋದಿಲ್ಲ? ದೇವರ ಆಣೆ?"

ಅಷ್ಟು ಬೇಗ ಒಪ್ಪುವ ಹೆಂಗಸಲ್ಲ ಸಿದ್ದಲಿಂಗವ್ವ. ಹೂವಿನ ಬೆಲೆಗೂ ಅರ್ಧ ತಾಸು ಚೌಕಾಶಿ ಮಾಡುವವಳು.

"ಯಾಕ ನಗಾಕತ್ತೀರಿ ಅತ್ತೀ?... ಇಲ್ಲ, ನಕ್ಕಂಗ ಕೇಳಿಸ್ತು... ಹಾಂ, ಕೊಡ್ರಿ. ಅಕ್ಕನ ಕೈಯಾಗ ಕೊಡ್ರಿ."

...

"ಅಕ್ಕಾ?"

...

"ಅಕ್ಕಾ, ನಾನು ಶೇಕಿ. ಗದಗಿನಿಂದ. ಕೇಳಸ್ತೈತಿಲ್ಲೋ?"

...

"ನೀನ ಅದೀ ಅಂತ ಗೊತ್ತೈತಿ. ನಿನ್ನ ಉಸರು ನನಗ ಗೊತ್ತಾಗೋದಿಲ್ಲೇನು? ಒಂದ ಕೌದ್ಯಾಗ ಮಲಗಿದವ್ರು ನಾವು."

...

"ಅತ್ತಿ ಮುಂದ ಹೇಳಿದ್ದು ಕೇಳಿದಿ ಅಲ್ಲಾ? ಈಳಿಗಿ ಅಲ್ಲಕ್ಕಾ. ಗ್ರಹಣ ಅಲ್ಲ. ನೀ ಏನೂ ಮಾಡಿಲ್ಲ. ಇನ್ನ ಮ್ಯಾಲ ಯಾರರೆ ಅಂದ್ರ ನನ್ನ ಹೆಸರು ಹೇಳು, ನಾ ಬಂದು ಮಾತಾಡ್ತೀನಿ. ನಗತೀ ಏನು? ನಾ, ಬಂದು, ಮಾತಾಡ್ತೀನಿ."

...

"ನಗಲಿಲ್ಲ."

...

"ಯಾಕ ಸುಮ್ಮನದೀ?"

ಉಸಿರು ಮಾತ್ರ ಬರುತ್ತಿತ್ತು. ಮೂಗು ಕಟ್ಟಿದ ಉಸಿರು, ಅತ್ತವರದು. ತುಟಿ ಬಿಗಿ ಹಿಡಿದವರದು. ಶೇಖವ್ವನ ಕಣ್ಣು ಕಿಟಕಿಗೆ ಹೋಯಿತು. ಬಿಸಿಲು ಇನ್ನೂ ಅಂಗಳದ ನಡುವೆಯೇ ಇತ್ತು. ದೀಪ ಹಚ್ಚಲು ಬಹಳ ಹೊತ್ತಿತ್ತು.

"ಅಕ್ಕಾ, ಕುಡದಿಲ್ಲಲ್ಲ?"

...

"ಅತ್ತಿ ಇನ್ನೂ ಕುಡಿಸಿಲ್ಲ ಅಂದ್ರು. ಮದ್ಲ ಹೇಳಿದ್ರು ನನಗ. ಕುಡದಿಲ್ಲಂದ್ರ ಇಲ್ಲ ಅನ್ನು. ಅಷ್ಟ ಅನ್ನು."

...

"ಕುಡದಿದ್ರೂ ಬಾಯಿ ಬಿಡಕ್ಕಾ. ಮಾತಾಡಿದ್ರ ಮುರೀತೈತಿ ಅಂತಾರಲ್ಲ, ಮುರೀಲಿ. ಮುರದು ಬಿಡು ಅದನ್ನ. ಇದ್ದಂಗ ಎದ್ದು ಬಸ್ ಹತ್ತಿ ಬಾ. ಬಾಯಾರು ಸಂಜಿಗೆ ಬರ್ತಾರ, ನೋಡ್ತಾರ. ಈಗಿಂದೀಗ ಬಾ."

...

"ಶಾಲ್ಯಾಗ ಮಾಸ್ತರು ಹಾಜರಿ ಕರದಾಗ ನಾ ಬಾಯಿ ಬಿಡ್ತಿದ್ದಿಲ್ಲ. ನನ್ನ ಹೆಸರಿಗೂ ನೀನ ಎದ್ದು ಹಾಜರ್ರಿ ಅಂತಿದ್ದಿ. ಇಬ್ಬರಿಗೂ ಬೈಸ್ಕೋತಿದ್ದಿ. ನಿನಗ ಏನಾಗೇತಿ ಇವತ್ತ?"

...

"ಅಣ್ಣಾರ, ತಡೀರಿ. ಕಟ್ ಮಾಡಬ್ಯಾಡ್ರಿ, ಒಂದ ಗಳಿಗಿ, ಆಕಿ ಹೇಳಾಕತ್ತಾಳ, ಈಗ ಹೇಳ್ತಾಳ..."

ಖಟ್ ಎಂದಿತು. ಆಮೇಲೆ ಉಸಿರೂ ಇಲ್ಲ. ಯಾವಾಗಲೋ ಮತ್ತೆ ಕೈಗೆತ್ತಿಕೊಂಡಿದ್ದ ಶೇಂಗಾ ಕಾಳಿನಷ್ಟು ಗೊಂಬೆ ಅವಳ ಅಂಗೈಗೆ ಒತ್ತಿಕೊಂಡಿತ್ತು. ಶೇಖವ್ವ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಅಕ್ಕಾ, ಒಂದ ಮಾತು ಆಡು."