ದೀಪ ಹಚ್ಚಿದ ಮ್ಯಾಲ ಅರೆಸ್ಟ್ ಮಾಡಂಗಿಲ್ಲ

…ಇಲ್ಲವ್ವ, ನಿಯಮ ಎಲ್ಲಾ ಬಾಯಿಪಾಠ ಆಗ್ಯಾವ ಅಂತ ಅಷ್ಟು ಹಿಗ್ಗಬ್ಯಾಡ, ನಾಳಿಂದ ನೀನೂ ಖಾಕಿ ಹಾಕ್ತಿ, ಅದಕ್ಕ ಹೇಳಾಕತ್ತೇನಿ. ನಾ ಹೆಡ್ ಕಾನ್‌ಸ್ಟೇಬಲ್ ಇದ್ದಾಗಿನ ಮಾತು. ಕಕ್ಕೇರಾ ಕಡಿ ಒಂದು ಹಳ್ಳಿ, ಹೆಸರು ಬ್ಯಾಡ ಬಿಡು, ಅಲ್ಲಿ ಒಬ್ಬಾಕಿ ಅತ್ತಿ ತನ್ನ ಸೊಸಿ ಅಂಗೈಗಿ ಕಾದ ರೊಟ್ಟಿ ಹಂಚು ಒತ್ತಿದ್ಲು. ಎರಡೂ ಕೈಗಿ ಒತ್ತಿದ್ಲು ನೋಡು. ಹುಡುಗಿ ಸುರಪುರ ದವಾಖಾನ್ಯಾಗ. ನಾವು ಅತ್ತಿನ್ನ ಹಿಡಿಯಾಕ ಹೊಂಟ್ರ ಜೀಪು ಕೆಸರಾಗ ಸಿಕ್ತು, ಅಲ್ಲಲ್ಲ, ಕೆಸರಲ್ಲ, ಪಂಚರ್ ಆತು, ಊರು ಮುಟ್ಟೂದ್ರಾಗ ಹೊತ್ತು ಮುಳುಗ್ತು. ಮಸೂತ್ಯಾಗ ಸಂಜಿ ನಮಾಜಿನ ಬಾಂಗ್ ಆತು, ಮನಿಮನಿಗೂ ದೀಪ ಹಚ್ಚಿದ್ರು. ಹೊತ್ತು ಮುಳುಗಿದ ಮ್ಯಾಲ ಹೆಣ್ಮಗಳನ್ನ ಅರೆಸ್ಟ್ ಮಾಡಂಗಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣಿ ಬೇಕು, ಗೊತ್ತದಲ್ಲ ನಿನಗ. ಸಾಹೇಬ್ರು, ಹೊಸಾ ಪಿಎಸ್ಐ, ನನ್ನ ಬಾಜು ಬಂದು ಸಣ್ಣ ದನೀಲೆ ಅಂದ್ರು, "ಅರೆಸ್ಟ್ ಮಾಡಿದ ಟೈಮು ಐದೂವರಿ ಅಂತ ಬರೀರಿ. ಯಾರು ಕೇಳ್ತಾರ?"

"ಊರಿಗೂರೇ ಬಾಂಗ್ ಕೇಳ್ಯದ್ರಿ ಸಾಹೇಬ್ರ. ಸುಳ್ಳು ಬರಿಯಂಗಿಲ್ರಿ ನಾ."

ಅವ್ರ ಮಾರಿ ಕೆಂಪಾತು. ಹಂಗಾದ್ರ ಮುಂಜಾನಿತನಕ ನೀವೇ ಕಾಯ್ರಿ ಅಂದವ್ರೇ ಜೀಪು ತಿರುಗಿಸ್ಕೊಂಡು ಹೋದ್ರು. ಅತ್ತಿ ಮನಿಯೊಳಗಿದ್ಲು, ನಾ ಮುಂಬಾಗ್ಲ ಕಟ್ಟಿ ಮ್ಯಾಲ ಕುಂತೆ. ಭಾಳ ಸೊಕ್ಕಿತ್ತವ್ವ ನನಗ, ನಾ ಖರೇ ನಡದೀನಿ ಅಂತ. ಹಿತ್ತಲ ಕಡಿ ಹಣಕಿ ಸೈತ ನೋಡ್ಲಿಲ್ಲ. ದೀಪ ಹಚ್ಚೋ ಹೊತ್ನ್ಯಾಗ ಹಿತ್ತಲ ಬಾಗ್ಲಾ ಯಾರು ತೆಗಿತಾರ ಹೇಳು, ಲಕ್ಷ್ಮಿ ಹೊರಗ ಹೋಗ್ತಾಳ ಅಂತ ನಮ್ಮವ್ವನೂ ಹಾಕ್ತಿದ್ಲು, ನಾನೂ ಹಾಕ್ತೀನಿ. ಪೊಲೀಸಾಕಿ ಬುದ್ಧಿ ಬಿಟ್ಟು ಮನಿಯಾಕಿ ಬುದ್ಧೀಲೆ ಕುಂತಿದ್ದೆ. ತಾಸು ಸೈತ ಆಗಿರಲಿಲ್ಲ, ಅತ್ತಿ ಅದೇ ಹಿತ್ತಲ ಬಾಗ್ಲಾ ತೆಗದು ಹೋಗೇಬಿಟ್ಟಿದ್ಲು.

ನನ್ನ ಸಸ್ಪೆಂಡ್ ಮಾಡಿದ್ರು. ಅದರ ದುಃಖ ಇಲ್ಲ. ದವಾಖಾನ್ಯಾಗ ಆ ಹುಡುಗಿ ಅವ್ವ ನನ್ನ ಮುಂದ ಬಂದು ನಿಂತ್ಲು, ಬೈಲಿಲ್ಲ, ಅಳಲಿಲ್ಲ. "ಆಕಿ ಸಿಗೂತನಕ ನನ್ನ ಮಗಳಿಗಿ ನಿದ್ದಿ ಹತ್ತಂಗಿಲ್ರಿ ಅಕ್ಕಾರ. ನಿಮಗ ಹತ್ತತದೇನ್ರಿ?"

ಹತ್ತಲಿಲ್ಲವ್ವ. ಎಂಟು ದಿನಕ್ಕ ಸೈದಾಪುರ ರೈಲ್ವೆ ಸ್ಟೇಷನ್ದಾಗ ಆಕಿ ಸಿಕ್ಲು ಖರೇ, ಆದ್ರೂ ಇವತ್ತಿಗೂ ಸಂಜಿ ಆತಂದ್ರ ನನಗ ಕುಂತಲ್ಲಿ ಕುಂದರಾಕ ಆಗಂಗಿಲ್ಲ, ಮನಿ ಸುತ್ತ ತಿರಗ್ತೀನಿ, ನೀವೆಲ್ಲಾ ನೋಡಿ ನಗ್ತೀರಿ. ಐದೂವರಿ ಅಂತ ಬರದಿದ್ರ ಚಲೋ ಇತ್ತೇನು ಅಂತ ಕೇಳ್ತಿ? ಇಲ್ಲ, ಇವತ್ತೂ ಬರಿಯಂಗಿಲ್ಲ. ಆದ್ರ ನಿಯಮ ಪಾಲಿಸಿದೆ, ನನ್ನ ಕೆಲಸ ಮುಗೀತು ಅಂತ ಕಾಲು ಚಾಚಿ ಕುಂದ್ರಬ್ಯಾಡ. ಹಾಲು ಕಾಯಾಕ ಇಟ್ಟಾಕಿ ಒಲಿ ಮುಂದಿಂದ ಏಳಬಾರದವ್ವ.