ಕಂಪ್ಯೂಟರಿಗೂ ಸೋಮವಾರದ ಮೌನ

…ಅಯ್ಯ, ಆ ಸ್ಕ್ರೂಡ್ರೈವರ್ ಕೆಳಗಿಡು ಕೊಟ್ರಿ! ಕಂಪ್ಯೂಟರ್ ಚಾಲೂ ಆಗವಲ್ದು ಅಂದ್ರ ಸೀದಾ ಹೊಟ್ಟಿ ಕೊಯ್ಯೋದೇನ? ಮೊದಲು ನಾಡಿ ನೋಡಬೇಕು. ಕರೆಂಟ್ ಐತಾ? ಐತಿ, ಮ್ಯಾಲೆ ಫ್ಯಾನ್ ತಿರುಗಾಕತ್ತೈತಿ. ವಯರ್? ಪ್ರಿಂಟರಿಂದು ಕಿತ್ತಿ ಇದಕ್ಕ ಹಾಕಿ ನೋಡಿದೆ. ಹಿಂದಿನ ಸಣ್ಣ ಸ್ವಿಚ್ಚು? ಅದೂ ಆನ್ ಐತಿ. ಗುಂಡಿ ಒತ್ತಿದೆ, ಬಿಟ್ಟು ಬಿಟ್ಟು ಒತ್ತಿದೆ, ಅದುಮಿ ಹಿಡಕೊಂಡು ಒತ್ತಿದೆ, ಕೈ ಮುಗಿದು ಒತ್ತಿದೆ… ಉಸಿರಿಲ್ಲ!

ಯಾಕ ಹಂಗ ನೋಡ್ತಿ? ಬಾಯಿ ಬಿಟ್ಟು ಹೇಳು… ಹಾಂ, ಹೌದಲ್ಲ, ಇವತ್ತು ಸೋಮವಾರ. ಅಕ್ಕಿ ಮಿಲ್ಲಿನ ಹನ್ನೆರಡರ ಸೈರನ್ ಆಗೋತನ ಮೌನ ನಿಂದು. ಈ ನಿನ್ನ ಗಂಡನ ಶುಗರ್ ಇಳೀಲಿ ಅಂತ ವಿರೂಪಾಕ್ಷಗ ಹರಕಿ. ಏ, ನೋಡು! ನಿನ್ನ ನೋಡೇ ಇದೂ ಮೌನ ಹಿಡಿದೈತಿ! ಸೈರನ್ ಆದಮ್ಯಾಲೆ ತಾನೇ ಮಾತಾಡ್ತೈತಿ ಬಿಡು… ನಗಬೇಕವ್ವ, ನಗಾಕ ವ್ರತ ಅಡ್ಡ ಬರಂಗಿಲ್ಲ.

ಯಾರದು ಬಾಗಲಾಗ? ಶಾಂಭವಿನಾ? ಹಾಲ್ ಟಿಕೆಟ್ಟಾ? ಸರ್ವರ್ ಇಲ್ಲವ್ವ! ಇಡೀ ಕಂಪ್ಲಿ ಊರಾಗ ಸರ್ವರ್ ಇಲ್ಲ! ಮಧ್ಯಾಹ್ನ ಬಾ… ಏನ್ ಕಣ್ಣು ಬಿಡ್ತಿ ಕೊಟ್ರಿ? ನನ್ನ, ಈ ಜಡೆಪ್ಪನ ಕಂಪ್ಯೂಟರ್ ಸತ್ತೈತಿ ಅಂದ್ರ ಆ ಹುಡುಗಿ ಮುಂದಿನ ಅಂಗಡಿಗೆ ಹೋಗತೈತಿ. ಸರ್ವರ್ ಇಲ್ಲ ಅಂದ್ರ ಸರ್ಕಾರಾನ ಬೈಕೋತ ಹೊಳ್ಳಿ ಇಲ್ಲಿಗೇ ಬರತೈತಿ.

ಬೆರಳು ಮಾಡಿ ಏನು ತೋರಸ್ತಿ? ಇರಿವಿ… ಹೂಂ, ಇರಿವಿ. ಇರಿವಿ ಎಲ್ಲಿಲ್ಲ? ಸಾಲು ಹಚ್ಚಿ ಡಬ್ಬಿ ಒಳಗ ಹೊಂಟಾವ, ನನಗೂ ಕಾಣಸ್ತೈತಿ. ಕರೆಂಟಿಗೆ ಬರತಾವ ಅವು. ಕರೆಂಟಿನಾಗ ಒಂದ್ ನಮೂನಿ ಸಿಹಿ ಇರತೈತಿ… ತಲಿ ಯಾಕ ಅಲ್ಲಾಡಸ್ತಿ? ನೀ ನೆಕ್ಕಿ ನೋಡೀದೇನು?

ಮತ್ತ ಮೂಗು ಯಾಕ ಮುಟ್ಟಿ ತೋರಸ್ತಿ? ವಾಸನಿನಾ? ನಿನ್ನೆ ಸಂಜಿಕೆ ಪಾಕದ ವಾಸನಿ ಬಂತು, ಖರೆ. ಹೂರಣ ಕುದಿಸಿದಂಗ. ವಯರ್ ಸುಟ್ರ ಹಂಗೇ ಬರೋದು! ನನ್ನ ಕೇಳಿದ್ರ ಇದು ಅದಿರಿನ ಧೂಳಿನ ಕೆಲಸ. ಮೊನ್ನೆ ಸಂಡೂರಿನ ಗಣಿಯಿಂದ ನಿಮ್ಮಣ್ಣ ಉಚ್ಚೆಂಗೆಪ್ಪ ಬಂದಿದ್ದನಲ್ಲ, ಇದರ ಮುಂದನೇ ನಿಂತು ಟವೆಲ್ ಝಾಡಿಸಿದ… ಸಿಟ್ಟಾಗಬ್ಯಾಡ ಮಾರಾಯ್ತಿ! ನಿಮ್ಮಣ್ಣಗ ಅನ್ನಲಿಲ್ಲ, ಧೂಳಿಗೆ ಅಂದೆ.

ಏ ಏ ಏ! ಸ್ಕ್ರೂ ಬಿಚ್ಚಬ್ಯಾಡ! ಶಾಕ್ ಹೊಡಿತೈತಿ! ವಯರ್ ಕಿತ್ತಿದ್ರೂ ಒಳಗ ಕರೆಂಟ್ ಕುಂತಿರತೈತಿ. ಬರಿಗಾಲಾಗ ಬ್ಯಾರೆ ನಿಂತೀದಿ, ಮೊದಲು ಚಪ್ಪಲಿ ಮೆಟ್ಟು… ಗೊತ್ತೈತಿ, ಗೊತ್ತೈತಿ, ಅದೂ ಹರಕಿ. ಮೊದಲು ಸಿಹಿ ಬಿಟ್ಟಿ. ಯುಗಾದಿಗೆ ಓಣಿಗೆಲ್ಲ ಹೋಳಿಗಿ ಬಡಿಸಿ ನೀ ಬರೇ ಅನ್ನ ಸಾರು ಉಂಡಿ. ನನ್ನ ಶುಗರ್ ಇಳೀಲಿಲ್ಲ, ಚಪ್ಪಲಿ ಬಿಟ್ಟು ಮೊಳಿಗೆ ತೂಗಹಾಕಿದಿ. ಆಗ್ಲೂ ಇಳೀಲಿಲ್ಲ, ಮಾತು ಬಿಟ್ಟಿ. ಈಗ ಬರೋ ಸೋಮವಾರ ಈ ಬಿಸಲಾಗ ಹಂಪಿತನ ಬರಿಗಾಲಾಗ ನಡಿತೀನಿ ಅಂತೀದಿ. ಬ್ಯಾಡ ಕೊಟ್ರಿ, ಕೈ ಮುಗಿತೀನಿ, ಅಂಗಾಲು ಬೊಬ್ಬಿ ಏಳ್ತಾವ. ಕೆಲವರ ಶುಗರ್ ಹಂಗೇ, ಇಳಿಯಂಗಿಲ್ಲ! ಡಾಕ್ಟರಿಗೂ ತಿಳಿವಲ್ದು! ನಾನೇನು ಸಿಹಿ ಮುಟ್ಟೀನೇನ? ಬೇವಿನ ಕಷಾಯ ಕುಡದಂಗ ಚಾ ಕುಡಿತೀನಿ, ದಿನಾ ನೋಡ್ತಿ…

ಬಿಚ್ಚಿದ್ಯಾ?

…ಏನದು? ಅಯ್ಯಯ್ಯ, ಬೆಲ್ಲ! ಕಂಪ್ಯೂಟರಿನಾಗ ಬೆಲ್ಲ! ಕರಗಿ ಬೋರ್ಡಿಗೆಲ್ಲ ಇಳದೈತಿ ನೋಡು! ಇಲಿ… ಇಲಿ ತಂದಿರಬೇಕು. ಕಬ್ಬಿನ ಊರು, ಇಲಿಗೆ ಬೆಲ್ಲಕ್ಕೇನು ಬರ? ಪ್ಲಾಸ್ಟಿಕ್ ಕವರಿನಾಗ ಐತಾ? ಗಂಟು ಹಾಕೈತಾ? ಈಗಿನ ಇಲಿ ಭಾಳ ಶಾಣ್ಯಾ ಅದಾವ ಕೊಟ್ರಿ… ಚಮಚನೂ ಐತಿ. ಹೂಂ. ನಿನ್ನ ತವರಿನ ಚಮಚ. ಇಲಿ… ಚಮಚಾನೂ…

ಈಗ ಬೈಯಬ್ಯಾಡ! ವ್ರತ ಮುರೀತೈತಿ! ಸೈರನ್ ಆಗ್ಲಿ, ಆಮ್ಯಾಲೆ ಎಷ್ಟಾರ ಬೈ.

…ಸೈರನ್ ಹೊಡೀತು! ಕೇಳಿದ್ಯಾ? ಹೂಂ, ಈಗ ಬೈ. ನಮ್ಮಪ್ಪನಿಂದ ಶುರು ಮಾಡು, ನಾ ಏನೂ ಅನ್ನಂಗಿಲ್ಲ.

ಕೊಟ್ರಿ?

ಇಲಿ ಅಲ್ಲ. ನಾನೇ. ಮನಿ, ಅಂಗಡಿ ಎರಡರಾಗೂ ನೀ ಕೈ ಹಾಕದ ಜಾಗ ಅದೊಂದೇ ಇತ್ತು, ಶಾಕ್ ಹೊಡಿತೈತಿ ಅಂತ ನಾನೇ ಅಂಜಿಸಿಟ್ಟಿದ್ದೆ. ಒಳಗ ಬೆಲ್ಲ ಬೆಚ್ಚಗಿದ್ದು ಮೆತ್ತಗ ಆಗತಿತ್ತು… ದಿನಾ ಒಂದ್ ಚಮಚ. ಎರಡು. ನೀ ಯಾವಾಗ ಗುಡಿಗೆ ಹೋಗ್ತಿ ಅಂತ ಕಾಯ್ತಿದ್ದೆ. ನನ್ನ ಸಲುವಾಗಿ ನೀ ಸುಡೋ ನೆಲದ ಮ್ಯಾಲೆ ಗುಡಿ ಸುತ್ತತಿದ್ರ ನಾ ಇಲ್ಲಿ… ನಾಚಿಕಿ ಆಗತೈತಿ ನನಗ.

ಯಾಕ ಎದ್ದಿ? ಆ ಚಪ್ಪಲಿ ಮೊಳಿಗೆ ಯಾಕ ಕೈ ಹಾಕ್ತಿ? ತಡಿ, ಧೂಳು ಹಿಡದಾವ ಅವು, ನಾ ಒರಸಿ ಕೊಡ್ತೀನಿ… ಮೆಟ್ಟಿದ್ಯಾ? ಹಂಗಾರ ಹರಕಿ ಮುಗೀತಾ? ಛಲೋ ಆತು. ಛಲೋ ಆತು ಬಿಡು, ಇನ್ನ ಕಾಲು ಸುಡಂಗಿಲ್ಲ…

ಕೊಟ್ರಮ್ಮ. ಸೈರನ್ ಆಗಿ ಭಾಳ ಹೊತ್ತಾತು. ಈಗ ಮಾತಾಡಬೌದು ನೀನು.