ಗಂಟೆ ಬಾರಿಸುವವರೆಗೆ

ಹಲೋ... ಯಾರು? ಹಾಂ, ಹೌದು, ವಸುಧಾನೇ ಮಾತಾಡ್ತಿರೋದು. ತಾವ್ಯಾರು?

...

ಅಯ್ಯೋ, ಆಸ್ಪತ್ರೆಯಿಂದಲಾ! ಈ ಅಮೆರಿಕದಲ್ಲೂ ಕನ್ನಡದಲ್ಲೇ ಮಾತಾಡ್ತಿದ್ದೀರಲ್ಲ ಡಾಕ್ಟ್ರೇ... ಸಂಯುಕ್ತಾ ಅಂತಾನಾ? ಮೈಸೂರಾ? ನಮ್ಮೂರೇ ಬಿಡಿ. ಹೇಗಿದ್ದಾರೆ ನಮ್ಮ ಡೊರೀನ್? ಕಣ್ಣು ಬಿಟ್ರಾ?

...

ಸ್ಟ್ರೋಕಾ... ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯಾ? ಸರಿ, ಔಷಧಿ ಕೊಡಿ ಮತ್ತೆ! ನನ್ನ ಕೇಳ್ಕೊಂಡು ಕೂತ್ರೆ ಹೇಗೆ?

...

ನಾನು ಅವರಿಗೆ ಏನಾಗ್ಬೇಕು ಅಂದ್ರೆ... ಏನೂ ಆಗ್ಬೇಕಿಲ್ಲ. ಕೆಳಗಿನ ಅಪಾರ್ಟ್‌ಮೆಂಟು ಅವರದ್ದು, ಮೇಲಿಂದು ನಂದು. ಅದಕ್ಕೇ ನನ್ನ ಆಂಬ್ಯುಲೆನ್ಸಿಗೂ ಹತ್ತಿಸ್ಕೊಳ್ಳಲಿಲ್ಲ ನೋಡಿ. ನನ್ನ ತಮ್ಮ ವೆಂಕಟಾಚಲ ಸ್ಯಾನ್ ಹೊಸೆಯಿಂದ ಕಾರು ತಗೊಂಡು ಹೊರಟಿದ್ದಾನೆ, ಫ್ರೀವೇ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದ್ದಾನೆ. ಅವರ ಮನೆಗೆ ಬೀಗ ಹಾಕಿ, ಬೀಗದ ಕೈ ಹಿಡ್ಕೊಂಡು ಇಲ್ಲಿ ಮೇಲೆ ಕೂತಿದ್ದೀನಿ.

...

ನಾಲ್ಕು ಗಂಟೆಗೆ. ಆಂಬ್ಯುಲೆನ್ಸಿನವರಿಗೂ ಹೇಳಿದ್ನಲ್ಲ? ನಾಲ್ಕಕ್ಕೆ ಕಾಫಿ ತಗೊಂಡು ಹೋದೆ, ಕುರ್ಚೀಲಿ ಒಂದು ಪಕ್ಕಕ್ಕೆ ವಾಲಿಕೊಂಡಿದ್ರು.

...

ಅದಕ್ಕೆ ಮುಂಚೆ?... ಮುಂಚೆ ಎಲ್ಲಾ ಸರಿಯಾಗೇ ಇತ್ತಪ್ಪ. ಯಾಕೆ, ಅದು ಅಷ್ಟು ಮುಖ್ಯಾನಾ?

...

ಹಾಂ? ಸ್ಟ್ರೋಕ್ ಆಗಿ ನಾಲ್ಕೂವರೆ ಗಂಟೆ ಹೊತ್ತು ಕಳೆದ ಮೇಲೆ ಆ ಔಷಧಿ ಕೊಟ್ರೆ ಮಿದುಳಲ್ಲಿ ರಕ್ತ ಸೋರಬಹುದಾ?... ಔಷಧೀನೇ ಕೊಲ್ಲಬಹುದಾ?

...

ಇದ್ದೀನಿ, ಇದ್ದೀನಿ. ಲೈನಲ್ಲೇ ಇದ್ದೀನಿ... ಡಾಕ್ಟ್ರೇ, ಅವರು ಯಾರು ಅಂತ ನಿಮಗೆ ಗೊತ್ತಿಲ್ಲ ಅಲ್ವಾ? ಇಂಗ್ಲೆಂಡಿನ ನಾಟಕದವರು. ಅರವತ್ತೆಂಟು ವರ್ಷ ರಂಗದ ಮೇಲೆ! ಹದಿನೇಳನೇ ವಯಸ್ಸಲ್ಲಿ, ಸಮುದ್ರದ ದಂಡೆಯ ಯಾವುದೋ ಊರಲ್ಲಿ, ಒಂದು ನಾಟಕದಲ್ಲಿ ಟೀ ತಟ್ಟೆ ಹಿಡಿಯೋ ಕೆಲಸದವಳ ಪಾತ್ರಕ್ಕೆ ನಿಂತಿದ್ರಂತೆ. ಅದೇ ನಾಟಕದಲ್ಲಿ ಮೂವತ್ತಕ್ಕೆ ಸೊಸೆ, ಐವತ್ತಕ್ಕೆ ಅತ್ತೆ. ಆಮೇಲೆ ಇಲ್ಲಿಗೆ ಪಾಠ ಹೇಳೋಕೆ ಬಂದವರು ಇಲ್ಲೇ ಉಳಿದ್ರು. ಎಂಬತ್ತೈದಕ್ಕೆ ಇದೇ ಓಕ್ಲ್ಯಾಂಡಲ್ಲಿ ಅಜ್ಜಿ ಪಾತ್ರ, ಅದೇ ಕೊನೇದು.

...

ಸುತ್ತಿ ಬಳಸ್ತಿಲ್ಲ ತಾಯಿ, ಅಲ್ಲಿಗೇ ಬರ್ತಿದ್ದೀನಿ! ಆ ಅಜ್ಜಿಗೆ ಕೊನೇ ಮಾತಿನ ನಡುವೆ ಒಂದು ಮೌನ ಇದೆ. ಥಿಯೇಟರಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲವಂತೆ. ಪಾತ್ರ ಬಿಟ್ರೂ ಅವರಿಗೆ ಅಭ್ಯಾಸ ಬಿಡಲಿಲ್ಲ, ದಿನಾ ಮಧ್ಯಾಹ್ನ ನಾನು ಪುಸ್ತಕ ಹಿಡಿದು ಎದುರಿಗೆ ಕೂರ್ಬೇಕು. ಮರೆತ್ರೆ ಪ್ರಾಂಪ್ಟ್ ಮಾಡ್ಬೇಕು, ಆದ್ರೆ ಮೌನದಲ್ಲಿ ಬಾಯಿ ಹಾಕೋ ಹಾಗಿಲ್ಲ. ಹೋದ ತಿಂಗಳು ಮರೆತ್ರೇನೋ ಅಂತ ಮಾತು ಎತ್ತಿಕೊಟ್ಟೆ. ಅಬ್ಬಬ್ಬಾ, ಮೂರು ದಿನ ನನ್ನ ಮುಖ ನೋಡ್ಲಿಲ್ಲ! "ಅದು ನನ್ನ ಮೌನ ವಸುಧಾ, ನಿನ್ನದಲ್ಲ" ಅಂದ್ರು.

...

ಹಾಂ, ಅದನ್ನೇ ಹೇಳ್ತಿದ್ದೀನಿ. ಆವತ್ತಿಂದ ಒಂದು ಕಟ್ಟುಪಾಡು. ಮೌನ ಮುಗಿದ್ರೆ ಅವರೇ ಗಂಟೆ ಬಾರಿಸ್ತಾರೆ. ಸಣ್ಣ ಹಿತ್ತಾಳೆ ಗಂಟೆ, ನಮ್ಮ ದೇವರ ಮನೇದು, ನಾನೇ ಕೊಟ್ಟಿದ್ದು. ಅದು ಬಾರಿಸೋವರೆಗೂ ನಾನು ಉಸಿರೆತ್ತಬಾರದು. ಒಂದೊಂದು ದಿನ ಎರಡು ಗಂಟೆ ಹೊತ್ತು ಹಾಗೇ ಕಣ್ಮುಚ್ಚಿ ಕೂರ್ತಿದ್ರು, ನಾನು ಮೆತ್ತಗೆ ಮೇಲೆ ಬಂದುಬಿಡ್ತಿದ್ದೆ.

...

ಇವತ್ತು... ಮೌನ ಶುರುವಾಗಿದ್ದು ಹನ್ನೆರಡೂ ಕಾಲಿಗೆ.

...

ಹೌದು, ಹನ್ನೆರಡೂ ಕಾಲು. ನಾಲ್ಕಲ್ಲ. ಸುಳ್ಳು ಹೇಳಿದೆ ಡಾಕ್ಟ್ರೇ, ಹೆದರಿ ಹೇಳಿದೆ. ಅರ್ಧ ಗಂಟೆ ಎದುರಿಗೇ ಕೂತಿದ್ದೆ. ಬಾಯಿ ಸೊಟ್ಟಗಾಗಿದ್ದು ಕಂಡಿತ್ತು. ಕಂಡೂ... ಇವರದ್ದು ಎಂಥಾ ಅಭಿನಯ ಅಂತ ಮೆಚ್ಚಿಕೊಂಡೆ. ಮೆಚ್ಚಿಕೊಂಡು, ಬಾಗಿಲು ಸದ್ದಾಗದ ಹಾಗೆ ಎಳ್ಕೊಂಡು ಬಂದು ಅನ್ನಕ್ಕಿಟ್ಟೆ.

...

ಈಗ ಐದಾಗ್ತಾ ಬಂತು. ಹಾಗಾದ್ರೆ ಆ ಔಷಧಿ ಇಲ್ಲ, ಅಲ್ವಾ?... ಹೂಂ... ಒಳಗೆ ಕರ್ಕೊಂಡು ಹೋಗಿ ನಳಿಕೆ ಹಾಕಿ ಆ ಹೆಪ್ಪು ತೆಗೆಯೋಕೆ ನೋಡ್ತೀರಾ? ಈಗ್ಲೇನಾ?... ಸಮಾಧಾನ ಮಾಡ್ಬೇಡಿ ತಾಯಿ, ಬೈದುಬಿಡಿ. ಸಮಾಧಾನ ತಡ್ಕೊಳ್ಳೋಕಾಗ್ತಿಲ್ಲ.

...

ಒಂದೇ ಒಂದು ಉಪಕಾರ. ಕರ್ಕೊಂಡು ಹೋಗೋ ಮುಂಚೆ ಫೋನು ಅವರ ಕಿವಿಗೆ ಹಿಡೀತೀರಾ? ಅರ್ಧ ನಿಮಿಷ.

...

ಹಿಡಿದಿದ್ದೀರಾ?... ಡೊರೀನ್? ನಾನು, ವಸುಧಾ. ಇಂಗ್ಲಿಷು ಬಾಯಿಗೇ ಬರ್ತಿಲ್ಲ. ಕೊನೇ ಮಾತು ನಿಮಗೆ ಕನ್ನಡದಲ್ಲೂ ಕಲಿಸಿದ್ನಲ್ಲ, ಅದನ್ನೇ ಹೇಳ್ತೀನಿ. ಕೋಪ ಬಂದ್ರೆ ಬರಲಿ, ಇವತ್ತು ಕಾಯಲ್ಲ ನಾನು. "ದೀಪ ಆರಿಸಬೇಡಿ..." ಮುಂದಕ್ಕೆ ಹೇಳಿ. "ದೀಪ ಆರಿಸಬೇಡಿ, ಯಾರೋ ಮೆಟ್ಟಿಲು ಹತ್ತಿ ಬರ್ತಿದ್ದಾರೆ." ಹೇಳಿ ಡೊರೀನ್...

...

ಡೊರೀನ್?

...

ಡಾಕ್ಟ್ರೇ, ಯಾಕೆ ಸುಮ್ಮನಾದ್ರಿ? ಏನಾಯ್ತು?... ಉಸಿರು?... ಇಲ್ಲ, ಇಲ್ಲ, ನೀವು ತಪ್ಪು ತಿಳ್ಕೊಂಡಿದ್ದೀರಿ. ಅದು ಅವರ ಮೌನ. ಸ್ವಲ್ಪ ಕಾಯಿರಿ, ನಿಮ್ಮ ದಮ್ಮಯ್ಯ...

...

ತಡೀರಿ. ಕೆಳಗೆ... ಗಂಟೆ ಬಾರಿಸ್ತಿದೆ. ಅದೇ ಗಂಟೆ. ಬೀಗದ ಕೈ ನನ್ನ ಕೈಯಲ್ಲೇ ಇದೆ ಡಾಕ್ಟ್ರೇ! ನಿಮಗೂ ಕೇಳಿಸ್ತಿದೆಯಾ?... ಹತ್ತಿರ ಬರ್ತಿದೆ. ಮೆಟ್ಟಿಲ ಮೇಲೆ...

...

ಹಲೋ? ಹಲೋ?... ಬಾಗಿಲ ಹತ್ರ ಯಾರು?... ಡೊರೀನ್, ನೀವ...